ನಷ್ಟ ನೋಡಲು ಬರುತ್ತಿದ್ದವರು

ಅವರ ಪ್ಯಾಂಟುಗಳೆಲ್ಲ ಮಂಡಿಯ ಹತ್ತಿರ ಸವೆದಿರುತ್ತಿದ್ದವು. ಉಳಿದ ಕಡೆ ಇಸ್ತ್ರಿಯ ಗೆರೆ ನೆಟ್ಟಗೆ ನಿಂತಿದ್ದರೂ ಮಂಡಿಯಲ್ಲಿ ಮಾತ್ರ ಬಟ್ಟೆ ತೆಳ್ಳಗಾಗಿ, ಬಣ್ಣ ಹೋಗಿ, ಅಂಗೈಯಗಲದ ಎರಡು ಮಸುಕು ಕಲೆ. ಸುಟ್ಟ ಅಂಗಡಿಯಿರಲಿ, ಕುಸಿದ ಗೋಡೌನಿರಲಿ, ಸತ್ತ ಹಸುವಿರಲಿ, ಅವರು ನಿಂತುಕೊಂಡು ನೋಡಿದವರೇ ಅಲ್ಲ. ಹೋದವರೇ ಮಂಡಿಯೂರಿ ಕೂತುಬಿಡುವರು. ಬೂದಿಯಲ್ಲಿ ಬರಿಗೈ ಆಡಿಸುವರು, ಒಂದು ಚಿಟಿಕೆ ಎತ್ತಿ ಮೂಸುವರು, ಆಮೇಲೆ ಕಾರಿನಿಂದ ಜರಡಿ ತರಿಸುವರು.

ಅವರು ವಿಮೆ ಕಂಪನಿಗಳಿಗೆ ನಷ್ಟದ ವರದಿ ಬರೆದುಕೊಡುವ ಸರ್ವೇಯರು. ಹುಟ್ಟಿದ್ದು ಕ್ಯಾತನಹಳ್ಳಿಯಲ್ಲಿ, ಕಬ್ಬು ಬೆಳೆಯುವ ಮನೆತನದಲ್ಲಿ, ಇದ್ದದ್ದು ಶ್ರೀರಂಗಪಟ್ಟಣದ ಗಂಜಾಂನಲ್ಲಿ. ಮೈಸೂರಿನಲ್ಲಿ ಕೆಮಿಸ್ಟ್ರಿ ಓದಿ, ಸಕ್ಕರೆ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಕೆಲವು ವರ್ಷ ದುಡಿದು, ಆಮೇಲೆ ಪರೀಕ್ಷೆ ಕಟ್ಟಿ ಈ ಕೆಲಸಕ್ಕೆ ಬಂದಿದ್ದರು. ನಮ್ಮ ಕಡೆ ಸರ್ವೇಯರ್ ಅಂದರೆ ಜಮೀನು ಅಳೆಯುವವರು ಎಂದೇ ಲೆಕ್ಕ. ಎಲ್ಲಿಗೆ ಹೋದರೂ ಯಾರಾದರೊಬ್ಬರು ಪಹಣಿ ಹಿಡಿದುಕೊಂಡು ಬಂದು, “ಸಾರ್, ನಮ್ ಬದು ಒಂಚೂರು ಅಳ್ದುಕೊಟ್ಬುಡಿ, ಪಕ್ಕದೋನು ಒತ್ಕಂಡವ್ನೆ” ಎಂದು ಗೋಗರೆಯುವರು. ಅವರು ಬೇಸರಿಸಿಕೊಳ್ಳದೆ, “ನಾನು ಅಳೆಯೋದು ಇರೋದನ್ನಲ್ಲ ಕಣಪ್ಪ, ಹೋಗಿದ್ದನ್ನ” ಎನ್ನುತ್ತಿದ್ದರು.

ಪಾಂಡವಪುರದಲ್ಲಿ ನನ್ನ ಯಜಮಾನರದ್ದೊಂದು ಸಣ್ಣ ಫೋಟೋ ಸ್ಟುಡಿಯೋ ಇತ್ತು. ಅವರಿಗೆ ಲಕ್ವ ಹೊಡೆದು ಬಲಗೈ ಬಲಗಾಲು ಸ್ವಾಧೀನ ತಪ್ಪಿದಾಗ ಅಂಗಡಿಯ ಬೀಗದಕೈ ನನ್ನ ಕೈಗೆ ಬಂತು. ಕ್ಯಾಮೆರಾ ಹಿಡಿಯುವುದು ಗೊತ್ತಿತ್ತು. ಆದರೆ ಹೆಂಗಸನ್ನು ಮದುವೆ ಫೋಟೋ ತೆಗೆಯಲು ಕರೆಯುವವರು ಯಾರೂ ಇರಲಿಲ್ಲ. ಒಂದು ಬೆಳಿಗ್ಗೆ ಸರ್ವೇಯರು ನಷ್ಟದ ಫೋಟೋ ತೆಗೆಸಲು ಯಜಮಾನರನ್ನು ಹುಡುಕಿಕೊಂಡು ಬಂದರು. ವಿಷಯ ಹೇಳಿದೆ. ಅವರು ಕೌಂಟರಿನ ಮೇಲೆ ಎರಡು ಕೈಯೂರಿ ಕೇಳಿದರು.

“ನಿಂಗೆ ಬತ್ತದಾ ಮಗ, ಕ್ಯಾಮೆರಾ?”

“ಬತ್ತದೆ ಸಾರ್.”

“ಸತ್ತ ಹಸ ನೋಡುದ್ರೆ ವಾಂತಿ ಮಾಡ್ಕೊಳಲ್ಲ ತಾನೆ?”

ಇಲ್ಲವೆಂದೆ. ಅವತ್ತೇ ಅವರ ಹಳೆಯ ಬಿಳಿ ಕಾರಿನ ಹಿಂದಿನ ಸೀಟಿನಲ್ಲಿ ಕೂತು ಹೊರಟೆ. ಆಮೇಲೆ ಹದಿನಾಲ್ಕು ವರ್ಷ ಆ ಕಾರಿನಲ್ಲಿ ಓಡಾಡಿದೆ. ಎಲ್ಲರ ಕೈಗೂ ಕ್ಯಾಮೆರಾ ಇರುವ ಮೊಬೈಲು ಬಂದ ಮೇಲೂ ಅವರು ನನ್ನನ್ನು ಬಿಡಲಿಲ್ಲ. “ಮೊಬೈಲ್ ಫೋಟೋ ತೆಗೀತದೆ, ಆದ್ರೆ ನಾಳೆ ಕೋರ್ಟಲ್ಲಿ ನಿಂತು ನಾನೇ ತೆಗೆದೆ ಅನ್ನಲ್ಲ” ಎನ್ನುತ್ತಿದ್ದರು. ಮಕ್ಕಳ ಶಾಲೆಯ ಫೀಜು, ಯಜಮಾನರ ಮಾತ್ರೆ, ಮನೆಯ ಅಕ್ಕಿಬೇಳೆ ಎಲ್ಲವೂ ಆ ಕೆಲಸದಿಂದಲೇ ನಡೆದವು.

ಹೋದ ಕಡೆ ಅವರು ಮೊದಲು ಒಂದು ಲೋಟ ನೀರು ಕೇಳಿ ಕುಡಿಯುತ್ತಿದ್ದರು. ಕಾಫಿ, ಊಟ ಏನೂ ಮುಟ್ಟುತ್ತಿರಲಿಲ್ಲ. ವರದಿ ಕಳಿಸಿದ ಮೇಲೆ ಆ ದಾರಿಯಲ್ಲಿ ಹೋದರೆ ಮಾತ್ರ ತಾವಾಗಿ ಇಳಿದು, “ಅವತ್ತು ಕುಡಿದಿರ್ನಿಲ್ಲ, ಈಗ ಕೊಡವ್ವ ಕಾಫಿಯ” ಎನ್ನುವರು. ನಷ್ಟವಾದವರನ್ನು ಕೂರಿಸಿಕೊಂಡು ಮಾತಾಡಿಸುವರು. ಮೊದಲು ಕಂಡವರು ಯಾರು, ಹೊಗೆ ಬಿಳಿಯಿತ್ತೋ ಕರ್ರಗಿತ್ತೋ, ಬಾಗಿಲು ಯಾರು ಮುರಿದರು. ಆಮೇಲೆ ಎದುರು ಹೋಟೆಲಿನವರು, ಪಕ್ಕದ ಮನೆಯವರು, ಲೈನ್‌ಮನ್ನು. ಎಲ್ಲರ ಮಾತು ಬರೆದುಕೊಂಡ ಮೇಲೆ ಒಬ್ಬೊಬ್ಬರಿಗೂ ಓದಿ ಹೇಳಿ ಸಹಿ ಹಾಕಿಸುವರು. ನನಗೆ ಮೊದಲ ದಿನವೇ ಒಂದು ಕಟ್ಟಪ್ಪಣೆ ಮಾಡಿದ್ದರು: ತಾವು ತೋರಿಸಿದ್ದನ್ನಷ್ಟೇ ತೆಗೆದರೆ ಸಾಲದು, ನಷ್ಟವಾದವರು ಏನೇನು ತೋರಿಸುತ್ತಾರೋ ಅದನ್ನೂ ತೆಗೆದಿಡಬೇಕು. ಕೆಲಸಕ್ಕೆ ಬರಲಿ ಬಿಡಲಿ. “ಅವ್ನು ಸುಳ್ಳು ಹೇಳ್ತಾನೆ ಅಂದ್ಕೊಂಡು ಹೋಗ್ಬಾರ್ದು ಮಗ. ನಿಜ ಹೇಳ್ತಾನೆ ಅಂದ್ಕೊಂಡೂ ಹೋಗ್ಬಾರ್ದು. ಸುಮ್ನೆ ಹೋಗ್ಬೇಕು, ನೋಡ್ಬೇಕು.”

ಒಂದು ಸಲ ಪಾಂಡವಪುರದ ಹತ್ತಿರದ ಹಳ್ಳಿಯಲ್ಲಿ ಸತ್ತ ಹಸು ನೋಡಲು ಹೋಗಿದ್ದೆವು. ವಿಮೆ ಮಾಡಿಸಿದ ಹಸುವಿನ ಕಿವಿಗೆ ನಂಬರಿರುವ ಬಿಲ್ಲೆ ಚುಚ್ಚಿರುತ್ತಾರೆ. ಬಿಲ್ಲೆ ಇತ್ತು, ನಂಬರೂ ಸರಿಯಿತ್ತು. ಅವರು ಮಂಡಿಯೂರಿ ಆ ಕಿವಿಯನ್ನು ಬೆಳಕಿಗೆ ಹಿಡಿದರು. ಚುಚ್ಚಿದ ತೂತಿನ ಅಂಚು ಮಾಗಿರಲಿಲ್ಲ. ರಕ್ತ ಸುರಿದ ಗುರುತೂ ಇರಲಿಲ್ಲ. ಸತ್ತ ಮೇಲೆ ಚುಚ್ಚಿದ ಬಿಲ್ಲೆ ಅದು; ವಿಮೆ ಇದ್ದದ್ದು ಕೊಟ್ಟಿಗೆಯಲ್ಲಿ ಮೇವು ತಿನ್ನುತ್ತಿದ್ದ ಇನ್ನೊಂದು ಹಸುವಿಗೆ. ಅವರು ಹಸುವಿನ ಯಜಮಾನನ ಹೆಗಲ ಮೇಲೆ ಕೈಯಿಟ್ಟು ಆಚೆಗೆ ಕರೆದುಕೊಂಡು ಹೋದರು. “ಲೇ, ನಾಳೆ ಬೆಳಿಗ್ಗೆ ಅರ್ಜಿ ವಾಪಸ್ ತಗೊಂಡ್ಬುಡು. ನಾನು ಬರ್ನೂ ಇಲ್ಲ, ನೋಡ್ನೂ ಇಲ್ಲ.” ಆತ ತಲೆ ತಗ್ಗಿಸಿ ಹೂಂ ಅಂದ. ಆ ವಿಷಯ ಊರಿಗೆ ಗೊತ್ತಾಗಲೇ ಇಲ್ಲ. ನಮ್ಮ ಸುತ್ತಿನ ನಾಲ್ಕು ತಾಲ್ಲೂಕಿನಲ್ಲಿ ಅವರು ಬರೆದದ್ದೇ ಕೊನೆಯ ಮಾತು ಎಂಬಂತೆ ಜನ ನಂಬಿದ್ದರು. ಆ ನಂಬಿಕೆಯೇ ಒಬ್ಬನ ಬದುಕಿಗೆ ಎರವಾಯಿತು.

ಕೆ.ಆರ್. ಪೇಟೆಯಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ರೆಡಿಮೇಡ್ ಬಟ್ಟೆ ಅಂಗಡಿಯಿತ್ತು. ಮೂವತ್ತರ ಆಸುಪಾಸಿನ ಯುವಕ, ಹತ್ತಿರದ ಹಳ್ಳಿಯವನು, ವ್ಯವಸಾಯದ ಮನೆಯಲ್ಲಿ ಮೊದಲು ಅಂಗಡಿ ಇಟ್ಟವನು. ಶಾಲೆಗಳು ಶುರುವಾಗಲು ಹದಿನೈದು ದಿನವಿದ್ದಾಗ ಒಂದು ಬೆಳಗಿನ ಜಾವ ಅಂಗಡಿಗೆ ಬೆಂಕಿ ಬಿತ್ತು. ನಾವು ಹೋಗುವ ಹೊತ್ತಿಗೆ ತಗಡಿನ ಚಾವಣಿ ಸೊಟ್ಟಗಾಗಿ ಜೋತುಬಿದ್ದಿತ್ತು. ಆತ ಕಣ್ಣು ಊದಿಸಿಕೊಂಡು ಬಾಗಿಲಲ್ಲಿ ನಿಂತಿದ್ದ. ಶಾಲೆಗಳಿಗೆಂದು ತರಿಸಿದ್ದ ಯೂನಿಫಾರಂ ಪ್ಯಾಂಟು, ಸ್ಕರ್ಟು ಒಳಗಿದ್ದವಂತೆ. ಬಿಲ್ಲುಗಳೂ ಅಲ್ಲೇ ಸುಟ್ಟಿದ್ದವು.

ಸರ್ವೇಯರು ಎರಡು ದಿನ ಬೂದಿ ಜಾಲಿಸಿದರು. ಬಟ್ಟೆ ಸುಟ್ಟರೂ ಗುಂಡಿ, ಕೊಕ್ಕೆ, ಜಿಪ್ಪು ಉಳಿಯುತ್ತವೆ. ಎಷ್ಟು ಪ್ಯಾಂಟಿತ್ತು ಎಂದು ಜಿಪ್ಪೇ ಹೇಳುತ್ತದೆ ಎಂಬುದು ಅವರ ಅನುಭವ. ಜರಡಿಯಲ್ಲಿ ಸಿಕ್ಕಿದ್ದು ಮೂರು ಹಿಡಿಯಷ್ಟು ಹಿತ್ತಾಳೆ ಜಿಪ್ಪು. ಆತ ಹೇಳಿದ ಸರಕಿಗೆ ಅದು ಯಾವ ಮೂಲೆಗೂ ಸಾಲದು.

ಆತ ನನ್ನನ್ನು ಹಿಂದಿನ ಮೂಲೆಗೆ ಕರೆದ. “ಅಕ್ಕಾ, ಇಲ್ಲೇ ಪೇರ್ಸಿದ್ದೆ ಯೂನಿಫಾರಂ ಎಲ್ಲಾನೂವೆ. ಒಂದು ಫೋಟೋ ತೆಗೀರಿ ಅಕ್ಕಾ.” ಕಟ್ಟಪ್ಪಣೆಯಂತೆ ನಾಲ್ಕು ಫೋಟೋ ತೆಗೆದೆ. ನೆಲದ ಕಲ್ಲಿಗೆ ಬೂದುಬಣ್ಣದ ಲೋಹದ ಹನಿಗಳು ಅಂಟಿದ್ದವು, ನೂರಾರು. ಇವೇನು ಸಾರ್ ಎಂದು ಕೇಳಿದೆ. ಅವರು ಒಂದನ್ನು ಉಗುರಿನಿಂದ ಕೆರೆದು, ಮೇಲೆ ನೋಡಿ, “ಸತು. ತಗಡಿಗೆ ಬಳಿದಿರ್ತಾರಲ್ಲ, ಅದು ಕರಗಿ ಬಿದ್ದದೆ” ಎಂದರು. ಅಷ್ಟಕ್ಕೆ ನಾನೂ ಸುಮ್ಮನಾದೆ.

ಹೇಳಿದಷ್ಟು ಸರಕು ಬೆಂಕಿ ಬಿದ್ದಾಗ ಅಂಗಡಿಯಲ್ಲಿ ಇರಲಿಲ್ಲ ಎಂದು ಅವರು ವರದಿ ಬರೆದರು. ಬೆಂಕಿ ಯಾರೋ ಹಚ್ಚಿದ್ದೆಂದು ಬರೆಯಲಿಲ್ಲ. ಆದರೆ ಕಂಪನಿಯವರು ಹಾಗೆಯೇ ಓದಿಕೊಂಡರು, ಊರೂ ಹಾಗೆಯೇ ಓದಿಕೊಂಡಿತು. ಪರಿಹಾರ ಇಲ್ಲವೆಂದು ಕಾಗದ ಬಂತು. ಪೊಲೀಸರು ಆತನನ್ನು ಕರೆಸಿ ಒಂದು ದಿನವೆಲ್ಲ ಕೂರಿಸಿಕೊಂಡರು. ಸರಕು ಸಾಗಿಸಿ ತಾನೇ ಬೆಂಕಿ ಇಟ್ಟುಕೊಂಡವನು ಎಂದು ಹೆಸರಾಯಿತು. ಆತ ಮಂಡ್ಯದ ಗ್ರಾಹಕರ ಕೋರ್ಟಿನಲ್ಲಿ ಕೇಸು ಹಾಕಿ, ಊರು ಬಿಟ್ಟು ನಾಗಮಂಗಲದ ಬಟ್ಟೆ ಅಂಗಡಿಯೊಂದರಲ್ಲಿ ಸಂಬಳಕ್ಕೆ ನಿಂತ. ಕೇಸು ಎಳೆಯುತ್ತ ಹೋಯಿತು. ನಾವು ಬೇರೆ ಬೇರೆ ನಷ್ಟ ನೋಡುತ್ತ ಹೋದೆವು.

ಮೂರು ವರ್ಷವಾದ ಮೇಲೆ ಶ್ರೀರಂಗಪಟ್ಟಣದಲ್ಲಿ ಒಂದು ಹೊಲಿಗೆ ಶೆಡ್ಡು ಸುಟ್ಟಿತು. ಅದಕ್ಕೆ ತಗಡಿರಲಿಲ್ಲ, ಆರ್‌ಸಿಸಿ ಚಾವಣಿ. ಸರ್ವೇಯರು ಮಂಡಿಯೂರಿ ಬೂದಿ ಸರಿಸಿದರೆ ನೆಲದ ಮೇಲೆ ಅದೇ ಬೂದು ಹನಿಗಳು. ಅವರ ಕೈ ಅಲ್ಲೇ ನಿಂತಿತು. ಶೆಡ್ಡಿನ ವಯಸ್ಸಾದ ದರ್ಜಿ ಪಕ್ಕದಲ್ಲಿ ನಿಂತಿದ್ದರು. ಇದೇನು ಎಂದು ಸರ್ವೇಯರು ದರ್ಜಿಯನ್ನು ಕೇಳಿದರು.

“ಅರೆ ಸಾಬ್, ಇದು ರನ್ನರ್ರು. ಜಿಪ್ಪು ಎಳೆಯೋ ಹಿಡಿ ಇರ್ತದಲ್ಲ, ಅದು. ಈಗ ಹಿತ್ತಾಳೆ ಯಾರು ಹಾಕ್ತಾರೆ ಸಾಬ್? ಹಲ್ಲು ಪೂರಾ ಪ್ಲಾಸ್ಟಿಕ್ಕು, ರನ್ನರ್ರು ಸತು. ಬೆಂಕಿ ಬಿದ್ರೆ ಹಲ್ಲು ಸುಟ್ಟೋಗ್ತದೆ, ಇದು ನೀರು ಆಗ್ಬಿಡ್ತದೆ.”

“ಸ್ಕೂಲ್ ಯೂನಿಫಾರಮ್ಗೂ ಇದೇನಾ?”

“ಅದಕ್ಕೇ ಜಾಸ್ತಿ ಸಾಬ್. ಸಸ್ತಾ ಬೇಕಲ್ಲ.”

ಅವರು ಒಂದು ಹನಿಯನ್ನು ಉಗುರಿನಿಂದ ಕೆರೆದು ಅಂಗೈಯಲ್ಲಿಟ್ಟುಕೊಂಡರು. ನಾನು ಕೈ ಕೊಟ್ಟು ಎಬ್ಬಿಸಿದೆ.

ಮರುದಿನ ನಾನು ಸ್ಟುಡಿಯೋ ಬಾಗಿಲು ತೆಗೆಯುವ ಮೊದಲೇ ಬಂದು ಮೆಟ್ಟಿಲ ಮೇಲೆ ಕೂತಿದ್ದರು. ಹಳೆಯ ಸಿ.ಡಿ.ಗಳಲ್ಲಿ ಹುಡುಕಿ ಕೆ.ಆರ್. ಪೇಟೆಯ ಫೋಟೋಗಳನ್ನು ಕಂಪ್ಯೂಟರಿನಲ್ಲಿ ತೆರೆದೆ. ವರದಿಗೆ ಸೇರಿಸಿದ್ದ ಫೋಟೋಗಳಲ್ಲಿ ಏನೂ ಇರಲಿಲ್ಲ. ಆತ ಬೇಡಿ ತೆಗೆಸಿದ ನಾಲ್ಕು ಫೋಟೋಗಳಲ್ಲಿ ಎಲ್ಲವೂ ಇತ್ತು. ದೊಡ್ಡದು ಮಾಡುತ್ತ ಹೋದ ಹಾಗೆ ಹನಿಗಳು ಪರದೆ ತುಂಬಿದವು. ಅವರು ಅಂಗಡಿಯ ಮುಂಭಾಗದ ಫೋಟೋ ತೋರಿಸು ಎಂದರು. ಅಲ್ಲಿ ನೆಲ ಬರಿದಾಗಿತ್ತು.

“ತಗಡು ಇಡೀ ಅಂಗಡಿ ಮೇಲಿತ್ತು. ಹನಿ ಈ ಮೂಲೇಲಿ ಮಾತ್ರ ಯಾಕೆ ಬಿದ್ದದೆ ಮಗ? ಇದು ಕೇಳ್ಬೇಕಾದ ಪ್ರಶ್ನೆ ಅಲ್ವಾ? ಕೆಮಿಸ್ಟ್ರಿ ಓದ್ದೋನು ನಾನು. ಸತು ಅಂತ ನಂಗೆ ಗೊತ್ತಿತ್ತು. ಗೊತ್ತಿದೆ ಅಂತ್ಲೇ ಮುಂದಕ್ಕೆ ನೋಡ್ನಿಲ್ಲ.”

ಅವತ್ತು ನಾನೂ ಆ ಮೂಲೆಯಲ್ಲಿದ್ದೆ, ಬರಿದಾದ ಮುಂಭಾಗವನ್ನೂ ಕಂಡಿದ್ದೆ. ಅದನ್ನು ಹೇಳಲು ನನಗೆ ಬಾಯಿ ಬರಲಿಲ್ಲ.

ಅವತ್ತೇ ನಾಗಮಂಗಲಕ್ಕೆ ಹೋದೆವು. ಅಂಗಡಿಯಲ್ಲಿ ಆತ ಗಿರಾಕಿಗಳಿಗೆ ಶರ್ಟು ಬಿಡಿಸಿ ತೋರಿಸುತ್ತಿದ್ದ. ಸರ್ವೇಯರನ್ನು ಕಂಡು ಒಂದು ಕ್ಷಣ ಕೈ ನಿಲ್ಲಿಸಿ, “ಬನ್ನಿ ಸಾರ್. ಶರ್ಟಾ, ಪ್ಯಾಂಟಾ?” ಎಂದ.

“ನಿನ್ನ ಹತ್ರ ಮಾತಾಡ್ಬೇಕಪ್ಪ.”

“ಸೈಜೆಷ್ಟು ಸಾರ್?”

ಅಷ್ಟು ಗಿರಾಕಿಗಳ ಮುಂದೆಯೇ ಅವರು ಹೇಳಿಬಿಟ್ಟರು. “ನಿನ್ ಸರಕು ಅಂಗಡೀಲೇ ಇತ್ತು. ನಾನು ಬರೆದಿದ್ದು ತಪ್ಪು.”

ಆತ ಶರ್ಟನ್ನು ಮಡಚಿ ಪ್ಲಾಸ್ಟಿಕ್ ಕವರಿಗೆ ಹಾಕಿ ಕೌಂಟರಿನಿಂದ ಈಚೆ ಬಂದ. ರಸ್ತೆಯ ಪಕ್ಕ ನಿಂತು, ಸಿಟ್ಟೂ ಇಲ್ಲದ, ಅಳುವೂ ಇಲ್ಲದ ಧ್ವನಿಯಲ್ಲಿ ಮಾತಾಡಿದ. “ನಮ್ಮಪ್ಪ ತೀರ್ಕೊಂಡು ಎಂಟು ತಿಂಗ್ಳಾಯ್ತು ಸಾರ್. ಸಾಯೋಗಂಟ ಒಂದೇ ಮಾತು. ನಿಜ ಹೇಳು ಕಣ್ಲಾ, ನೀನೇ ಹಚ್ಚಿದ್ದಾ ಅಂತ. ಇಲ್ಲ ಕಣಪ್ಪೋ ಅಂದ್ರೆ, ಅಷ್ಟ್ ದೊಡ್ ಮನ್ಸ ಸುಳ್ಳು ಬರೀತಾರಾ ಅನ್ನೋರು. ನಂಗ್ಯಾಕೆ ಹೇಳ್ತೀರಿ, ನಾನು ಹಚ್ಚಿಲ್ಲ ಅಂತ ನಂಗೆ ಗೊತ್ತಿಲ್ವಾ? ನಮ್ಮೂರೋರೂ ಅಂಗೇ ಅಂದ್ಕೊಂಡವ್ರೆ, ಅವ್ರಿಗೋಗಿ ಹೇಳಿ.” ಅಷ್ಟು ಹೇಳಿ ಒಳಗೆ ಹೋದ.

ವಾಪಸು ಬರುವಾಗ ಸರ್ವೇಯರು ದಾರಿಯಲ್ಲಿ ಕಾರು ನಿಲ್ಲಿಸಿ ಬಹಳ ಹೊತ್ತು ಸ್ಟೀರಿಂಗಿನ ಮೇಲೆ ಹಣೆಯಿಟ್ಟುಕೊಂಡಿದ್ದರು. ಆಮೇಲೆ, “ನಾಳೆ ಬೆಳಿಗ್ಗೆ ಬೇಗ ರೆಡಿಯಾಗಿರು” ಎಂದರು.

ಆತನ ಹಳ್ಳಿಗೆ ಹೋಗಿ ಡೈರಿಯ ಮುಂದೆ ಕಾರು ನಿಲ್ಲಿಸಿದಾಗ ಹಾಲು ಹಾಕುವವರ ಸಾಲಿತ್ತು. ಆ ಹೊತ್ತಿಗೆ ಮನೆಗೊಬ್ಬರಂತೆ ಇಡೀ ಊರು ಅಲ್ಲಿ ಸೇರಿರುತ್ತದೆ. ಸರ್ವೇಯರು ಸಾಲಿನ ಎದುರಿಗೆ ಹೋಗಿ ನಿಂತರು. ತಾವು ಯಾರು, ಬರೆದದ್ದೇನು, ಅದು ಹೇಗೆ ತಪ್ಪಾಯಿತು ಎಂದು ಜೋರಾಗಿ, ಮಕ್ಕಳಿಗೆ ಪಾಠ ಹೇಳುವ ಹಾಗೆ ಬಿಡಿಸಿ ಹೇಳಿದರು. ಹನಿಗಳ ಫೋಟೋವನ್ನು ಕೈಯಿಂದ ಕೈಗೆ ದಾಟಿಸಿದರು.

“ಅಂಗಾರೆ ಬೆಂಕಿ ಹಚ್ಚಿದ್ಯಾರು?” ಎಂದ ಕ್ಯಾನು ಹಿಡಿದ ಒಬ್ಬ.

“ಯಾರೂ ಹಚ್ಚಿಲ್ಲ ಕಣಪ್ಪ. ವೈರು ಹಳೇದು. ಅದೂ ವರದೀಲಿತ್ತು, ಯಾರೂ ಓದ್ನಿಲ್ಲ.”

“ದುಡ್ಡು ಗಿಡ್ಡು ತಿಂದವ್ರೆ, ಅದ್ಕೇ ಬಂದವ್ರೆ” ಎಂದು ಹಿಂದಿನಿಂದ ಯಾರೋ ಅಂದದ್ದು ನನಗೂ ಕೇಳಿಸಿತು, ಅವರಿಗೂ ಕೇಳಿಸಿತು. ಒಬ್ಬಳು ಮುದುಕಿ ಮಾತ್ರ ಹಾಲಿನ ಕ್ಯಾನು ಕೆಳಗಿಟ್ಟು ಮುಂದೆ ಬಂದಳು. “ಅಯ್ಯೋ ನನ್ನಪ್ಪ, ಆ ಮುದುಕ ಇದ್ದಾಗ ಬಂದು ಈ ಮಾತ ಅಂದಿದ್ರೆ ನೆಮ್ಮದಿಯಾಗಿ ಕಣ್ಣು ಮುಚ್ಚೋನು ಕಣಪ್ಪ” ಎಂದಳು. ಸರ್ವೇಯರು ಆಕೆಯ ಮುಂದೆ ಕೈ ಮುಗಿದು ನಿಂತರು.

ಆ ವಾರವೇ ಕಂಪನಿಗೆ ಬರೆದರು. ಉತ್ತರ ಬರಲಿಲ್ಲ. ಗ್ರಾಹಕರ ಕೋರ್ಟಿನಲ್ಲಿ ಆತನ ಪರವಾಗಿ ಸಾಕ್ಷಿ ಹೇಳಲು ನಿಂತರು. ಫೋಟೋ ತೆಗೆದವಳೆಂದು ನಾನೂ ಹೇಳಿಕೆ ಕೊಟ್ಟೆ. ಕಂಪನಿಯ ವಕೀಲರು ಅವರ ಹಳೆಯ ವರದಿಯನ್ನು ಅವರ ಕೈಗೇ ಕೊಟ್ಟು, “ಇದು ಸುಳ್ಳೋ, ಈಗ ಹೇಳ್ತಿರೋದು ಸುಳ್ಳೋ?” ಎಂದು ಕೇಳಿದರು.

“ಎರಡೂ ಸುಳ್ಳಲ್ಲ ಸ್ವಾಮಿ. ಅದು ತಪ್ಪು, ಇದು ಸರಿ.”

“ಹಾಗಾದರೆ ನಿಮ್ಮ ಉಳಿದ ವರದಿಗಳಲ್ಲಿ ಎಷ್ಟು ತಪ್ಪಿವೆ?”

ಅವರು ಹಳೆಯ ವರದಿಯನ್ನು ಮಡಚಿ ವಕೀಲರ ಕೈಗೆ ವಾಪಸು ಕೊಟ್ಟರು. “ಗೊತ್ತಿಲ್ಲ” ಎಂದರು. ಅಷ್ಟು ವರ್ಷಗಳಲ್ಲಿ ಅವರ ಬಾಯಲ್ಲಿ ಆ ಮಾತು ಕೇಳಿದ್ದು ಅದೇ ಮೊದಲು.

ಪರಿಹಾರ ಕೊಡಬೇಕೆಂದು ಆದೇಶವಾಯಿತು. ಆದರೆ ಅಲ್ಲಿಂದ ಮುಂದೆ ಅವರಿಗೆ ಕೆಲಸ ಬರುವುದು ನಿಂತಿತು. ಮೊದಲು ಆ ಕಂಪನಿ, ಆಮೇಲೆ ಒಂದೊಂದಾಗಿ ಉಳಿದವು. ಯಾರೂ ಬೇಡವೆನ್ನಲಿಲ್ಲ, ಸುಮ್ಮನೆ ಫೋನು ಮಾಡಲಿಲ್ಲ. ದುಡ್ಡು ತಿಂದು ಸಾಕ್ಷಿ ತಿರುಗಿಸಿದರು ಎಂಬ ಮಾತು ಕೆ.ಆರ್. ಪೇಟೆಯಿಂದ ಗಂಜಾಂವರೆಗೂ ಬಂತು. ನನ್ನ ಸ್ಟುಡಿಯೋಗೆ ಬಂದು ಕೂರುತ್ತಿದ್ದರು. ಹಳೆಯ ಸಿ.ಡಿ.ಗಳನ್ನು ಒಂದೊಂದಾಗಿ ಹಾಕಿಸಿ, ಒಪ್ಪದೆ ಬಿಟ್ಟ ಕ್ಲೇಮುಗಳ ಫೋಟೋಗಳನ್ನೆಲ್ಲ ಮತ್ತೆ ನೋಡುತ್ತಿದ್ದರು. “ಸಾಕು ಬುಡಿ ಸಾರ್” ಅಂದರೆ, “ಇನ್ನೊಂದು ನೋಡ್ಬುಡಾನ ಮಗ” ಎನ್ನುವರು. ಒಂದೆರಡು ಕಡೆ ಅನುಮಾನ ಬಂದು ಆ ಊರುಗಳಿಗೂ ಹೋಗಿ ಬಂದರು. ಒಂದು ಮನೆಗೆ ಬೀಗ ಬಿದ್ದಿತ್ತು. ಇನ್ನೊಂದು ಮನೆಯಲ್ಲಿ ಬಾಗಿಲಿಂದಲೇ ಆಚೆ ಕಳಿಸಿದರು.

ಹೋದ ವರ್ಷ ಅವರಿಗೆ ಹೃದಯದ ತೊಂದರೆಯೆಂದು ಗೊತ್ತಾಯಿತು. ನಾನು ನೋಡಲು ಹೋದ ದಿನ ಮಂಚದ ಮೇಲೆ ಒರಗಿದ್ದರು. ಯಜಮಾನರ ಆರೋಗ್ಯ ಕೇಳಿದರು, ಮಗಳ ಓದು ಕೇಳಿದರು. ಹೊರಡುವಾಗ, “ನಿನ್ನ ಈ ಕೆಲಸಕ್ಕೆ ಎಳಕೊಂಡು ಬಂದು ಕೆಟ್ಟದ್ದೇ ತೋರ್ಸಿದೆ ಮಗ” ಎಂದರು. ಹಾಗೆಲ್ಲ ಅನ್ನಬೇಡಿ ಎಂದೆ. ನನ್ನ ಮನೆಯಲ್ಲಿ ಒಲೆ ಉರಿದದ್ದು ಅವರಿಂದ, ನಾಲ್ಕು ಜನರ ಮುಂದೆ ತಲೆಯೆತ್ತಿ ನಿಲ್ಲುವುದನ್ನು ಕಲಿತದ್ದು ಅವರಿಂದ. ಅದನ್ನು ಅವತ್ತಾದರೂ ಬಾಯಿಬಿಟ್ಟು ಹೇಳಬೇಕಿತ್ತು. ಹೇಳಲಿಲ್ಲ. ಅದಾಗಿ ಹನ್ನೊಂದು ದಿನಕ್ಕೆ ಅವರು ತೀರಿಕೊಂಡ ಸುದ್ದಿ ಬಂತು.

ಮಣ್ಣಿಗೆ ಬಂದವರು ಹೆಚ್ಚಿರಲಿಲ್ಲ. ಕ್ಯಾತನಹಳ್ಳಿಯ ನೆಂಟರು, ಬೀದಿಯವರು, ಶ್ರೀರಂಗಪಟ್ಟಣದ ಆ ಹಳೆಯ ದರ್ಜಿ, ನಾನು. ಹಸುವಿನ ಯಜಮಾನನೂ ಬಂದು ದೂರದಲ್ಲಿ ನಿಂತಿದ್ದ. ನಾಗಮಂಗಲದವನು ಬಂದಿರಲಿಲ್ಲ. ಅದಕ್ಕೆ ನನಗೆ ಆಶ್ಚರ್ಯವಾಗಲಿಲ್ಲ.

ಎರಡು ತಿಂಗಳಾದ ಮೇಲೆ ನೆಂಟರ ಮದುವೆಗೆಂದು ನಾಗಮಂಗಲಕ್ಕೆ ಹೋಗಿದ್ದಾಗ ಆತನ ಅಂಗಡಿಗೆ ಹೋದೆ. ಈಗ ಅದು ಆತನದೇ ಅಂಗಡಿ, ಬೋರ್ಡು ಹೊಸದು. ಸರ್ವೇಯರು ತೀರಿಕೊಂಡ ಸುದ್ದಿ ಹೇಳಿದೆ. ಆತ ಕೈಯಲ್ಲಿದ್ದ ಬಟ್ಟೆಯನ್ನು ಕೆಳಗಿಟ್ಟ.

“ಯಾವತ್ತು?”

ಹೇಳಿದೆ.

“ಎರಡು ತಿಂಗ್ಳಾಯ್ತಾ? ನಂಗ್ಯಾಕೆ ಹೇಳ್ನಿಲ್ಲ ಅಕ್ಕಾ?”

“ನೀವು ಬರ್ತೀರೋ ಇಲ್ವೋ ಅಂತ...”

ಆತ ನನ್ನ ಮುಖವನ್ನೇ ನೋಡಿದ. “ನಾನು ಬರಲ್ಲ ಅಂತ ನೀವೇ ತೀರ್ಮಾನ ಮಾಡ್ಬುಟ್ರಾ?” ಎಂದ. “ಒಂದು ಮಾತು ಕೇಳ್ಬಾರ್ದಿತ್ತಾ ಅಕ್ಕಾ?”

ಆತ ಅಂಗಡಿಯ ಬಾಗಿಲಿಗೆ ಬಂದು, ಮುಖ ಆಚೆ ತಿರುಗಿಸಿಕೊಂಡು, ಬಹಳ ಹೊತ್ತು ರಸ್ತೆ ನೋಡುತ್ತ ನಿಂತ.